ಸೇವ್ ಮಾಡದ ಸಾಲು

"ಇನ್ನೊಂದು ಹೆಸರು ಉಳಿದಿದೆ, ಬರ್ಕೊಳ್ಳಪ್ಪ. ದೇವಕ್ಕ."

ಸತ್ಯಮೂರ್ತಿ ಕೀಬೋರ್ಡಿನಿಂದ ಕೈ ತೆಗೆಯದೆಯೇ, "ಅವರ ಟೇಬಲ್ಲಿನ ನಂಬರೆಷ್ಟು, ಅಮ್ಮಾ?" ಎಂದ.

ಟೆಲಿಫೋನ್ ಆಪರೇಟರ್ ಸುಬ್ಬಲಕ್ಷ್ಮಿಯಮ್ಮನಿಗೆ ನಗು ಬಂತು. "ಅವಳಿಗೆಲ್ಲಿಯ ಟೇಬಲ್ಲೋ! ಟೇಬಲ್ ಒರೆಸೋಳು ಅವಳು."

ಮುಂಬಯಿಯ ಫೋರ್ಟಿನ ಆ ಹಡಗು ಏಜೆಂಟರ ಆಫೀಸಿಗೆ ಹೊರಗಿನವರಿಗೆ ಗೊತ್ತಿದ್ದದ್ದು ಒಂದೇ ಫೋನ್ ನಂಬರು. ಒಳಗೆ ನಲವತ್ತು ಟೇಬಲ್ಲು. ಬಂದ ಕರೆಯನ್ನು ಯಾರಿಗೆ ಜೋಡಿಸಬೇಕೆಂದು ಇಪ್ಪತ್ತೆರಡು ವರ್ಷ ತಲೆಯಲ್ಲೇ ಇಟ್ಟುಕೊಂಡಿದ್ದವರು ಮೈಸೂರಿನ ಈ ಹೆಂಗಸು. ಈಗ ಗೋಡೆಯ ಮೇಲೆ ಬೂದು ಬಣ್ಣದ ಪೆಟ್ಟಿಗೆಯೊಂದು ಬಂದು ಕೂತಿತ್ತು. ಇನ್ನು ಮೇಲೆ ಕರೆ ಮಾಡಿದವರೇ ಒಳಗಿನ ನಂಬರನ್ನೂ ಒತ್ತಬೇಕು. ಪೆಟ್ಟಿಗೆ ತನ್ನ ಪಟ್ಟಿ ನೋಡಿ ಜೋಡಿಸುತ್ತದೆ. ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲು ಆಜ್ಞೆ ಟೈಪ್ ಮಾಡಿ ಆ ಪಟ್ಟಿ ತುಂಬಲು ಪೆಟ್ಟಿಗೆ ಮಾರಿದ ಕಂಪನಿ ಸತ್ಯಮೂರ್ತಿಯನ್ನು ಕಳಿಸಿತ್ತು. ಮಲಾಡಿನಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬರುವ, ತಮ್ಮೂರ ಕಡೆಯ ಈ ಹುಡುಗನಿಗೆ ಆಕೆ ದಿನವೂ ಕೆಳಗಿನ ಉಡುಪಿ ಹೋಟೆಲಿನಿಂದ ಕಾಫಿ ತರಿಸುತ್ತಿದ್ದರು. ತಮ್ಮ ಕೆಲಸಕ್ಕೆ ಕುತ್ತು ತಂದವನಿಗೇ ಕಾಫಿ ಕುಡಿಸುವ ಜೀವ ಅದು.

ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದ ದೇವಕ್ಕ ಬಾಯಿಬಿಟ್ಟಳು. "ನಮ್ಮ ಮನ್ಯಾವ್ರು ಬಿಲ್ಡಿಂಗ್ ಕೆಲಸದಾಗ ಮ್ಯಾಲಿಂದ ಬಿದ್ದಾರ್ರಿ ಸಾಹೇಬ್ರ. ಬೈಕುಲ್ಲಾದಾಗ ದವಾಖಾನಿಗೆ ಹಾಕೀವಿ. ನಾಕು ಗಂಟೆ ಆಗೂತನ ಯಾರನ್ನೂ ಒಳಗ ಬಿಡೂದಿಲ್ಲ. ಜೀವಕ್ಕ ಹೆಚ್ಚುಕಮ್ಮಿ ಆದ್ರ ಫೋನ್ ಮಾಡ್ತೀವಿ, ಆವಾಗ ಬಾ, ಬಿಡ್ತೀವಿ ಅಂದಾರ. ಇಲ್ಲೀ ನಂಬರ್ ಕೊಟ್ಟೀನ್ರಿ."

ಆಸ್ಪತ್ರೆಯ ವಾರ್ಡಿನಲ್ಲಿ ಬೆರಳು ಹಾಕಿ ತಿರುಗಿಸುವ ಹಳೆಯ ಫೋನು. ಅದರಿಂದ ಒಳನಂಬರು ಒತ್ತಲು ಬಾರದು. ಅಂಥ ಕರೆಗಳನ್ನೆಲ್ಲ ಕತ್ತರಿಸಬೇಕೆಂದು ಮ್ಯಾನೇಜರ್ ರಮಾನಾಥರ ಅಪ್ಪಣೆಯಾಗಿತ್ತು. "ಇದೇನು ಪಬ್ಲಿಕ್ ಬೂತಾ? ಪಟ್ಟಿಯ ಪ್ರಿಂಟ್ ತೆಗೆದು ದಿನಾ ನನ್ನ ಟೇಬಲ್ ಮೇಲಿಡಿ. ಒಂದು ಸಾಲು ಹೆಚ್ಚು ಕಂಡ್ರೂ ನಿಮ್ಮ ಕಂಪನಿಗೆ ಕಾಗದ ಬರೀತೇನೆ," ಎಂದಿದ್ದರು.

ಸತ್ಯಮೂರ್ತಿ ಎರಡು ನಿಮಿಷ ಯೋಚಿಸಿ ನಲವತ್ತೊಂದನೆಯ ಸಾಲು ಟೈಪ್ ಮಾಡಿದ: ಒಳನಂಬರಿಲ್ಲದ ಕರೆ ಸುಬ್ಬಲಕ್ಷ್ಮಿಯಮ್ಮನ ಫೋನಿಗೆ ಹೋಗಲಿ. ಆದರೆ ಸೇವ್ ಮಾಡಲಿಲ್ಲ. ಸೇವ್ ಮಾಡಿದ್ದಷ್ಟೇ ಪ್ರಿಂಟಿನಲ್ಲಿ ಬರುತ್ತಿತ್ತು. ಸೇವ್ ಮಾಡದ ಸಾಲಿಗೆ ಕರೆಂಟು ಇರುವಷ್ಟೇ ಆಯುಷ್ಯ. ಅದನ್ನು ಅವನು ಯಾರಿಗೂ ಬಿಡಿಸಿ ಹೇಳಲಿಲ್ಲ. ಆ ಪೆಟ್ಟಿಗೆಯ ಸ್ವಿಚ್ಚಿಗೆ ಕೈ ಹಾಕುವ ಧೈರ್ಯ ಆಫೀಸಿನಲ್ಲಿ ಯಾರಿಗಿತ್ತು?

ಉಪಾಯ ಫಲಿಸಿತು. ಮರುದಿನವೇ ವಾರ್ಡಿನಿಂದ ಕರೆ ಬಂತು: ಹೊದೆಯಲು ಒಂದು ಚಾದರ ತರಬೇಕಂತೆ. ದೇವಕ್ಕ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಹೂಂ ಹೂಂ ಅಂದಳು. ಸತ್ಯಮೂರ್ತಿಗೆ ತನ್ನ ಜಾಣತನದ ಬಗ್ಗೆ ಹೆಮ್ಮೆಯೆನಿಸಿತು.

ದಸರೆಗೆ ಆಫೀಸಿಗೆ ರಜೆ. ಆಫೀಸಿನ ಆಯುಧಪೂಜೆ ರಜೆಯ ಹಿಂದಿನ ದಿನ ಬೆಳಿಗ್ಗೆಯೇ ನಡೆಯಿತು. ಟೈಪ್‌ರೈಟರುಗಳಿಗೆ ಹೂವು ಮುಡಿಸಿ ಮುಗಿಸಿದ ಸುಬ್ಬಲಕ್ಷ್ಮಿಯಮ್ಮ ಕುಂಕುಮದ ಬಟ್ಟಲು ಹಿಡಿದು ಪೆಟ್ಟಿಗೆಯ ಮುಂದೆ ನಿಂತರು. "ಓಡ್ತಾ ಇರೋ ಯಂತ್ರಕ್ಕೆ ಪೂಜೆ ಮಾಡ್ತಾರೇನೋ? ಒಂದು ಗಳಿಗೆ ಆರಿಸು. ವರ್ಷಕ್ಕೊಂದು ದಿನ ಅದಕ್ಕೂ ವಿಶ್ರಾಂತಿ ಬೇಡ್ವೆ?"

ಸತ್ಯಮೂರ್ತಿಯ ತಂದೆ ಆಯುಧಪೂಜೆಯ ದಿನ ಸೈಕಲ್ಲನ್ನೂ ಹತ್ತುತ್ತಿರಲಿಲ್ಲ. ಅವನು ಮರುಮಾತಾಡದೆ, ಚಪ್ಪಲಿ ಬಿಟ್ಟು, ತನ್ನ ಕೈಯಾರೆ ಸ್ವಿಚ್ ಆರಿಸಿದ. ಮಂಗಳಾರತಿಯಾಯಿತು. ಮತ್ತೆ ಹಾಕಿದಾಗ ಪೆಟ್ಟಿಗೆ ಕಣ್ಣು ಬಿಟ್ಟಿತು. ನಲವತ್ತು ಸಾಲೂ ಸರಿಯಾಗಿ ಮರಳಿ ಬಂದವೇ ಎಂದು ಎಣಿಸಿಯೂ ನೋಡಿದ, ಬಂದಿದ್ದವು. ಚಿತ್ರಾನ್ನ ತಿಂದು, ಹಬ್ಬದ ರಜೆಗೆಂದು ಹೊರಟುಹೋದ.

ರಜೆ ಮುಗಿಸಿ ಬಂದಾಗ ಸುಬ್ಬಲಕ್ಷ್ಮಿಯಮ್ಮನ ಕಣ್ಣು ಊದಿಕೊಂಡಿತ್ತು.

"ದೇವಕ್ಕನ ಗಂಡ ಭೀಮರಾಯ ಹೋಗ್ಬಿಟ್ಟ ಕಣೋ, ಪೂಜೆ ದಿನಾನೇ. ನಾಲ್ಕು ಗಂಟೆಗೆ ಇವಳು ಒಗೆದ ಚಾದರ ಹಿಡ್ಕೊಂಡು ಹೋದ್ರೆ ಮಂಚ ಖಾಲಿ. ಎರಡು ಗಂಟೆ ತನಕ ಜೀವ ಇತ್ತಂತೆ, ಇವಳನ್ನೇ ಕೇಳ್ತಿದ್ದನಂತೆ. ಫೋನ್ ಮಾಡಿದ್ವಿ ಅಂತ ಸುಳ್ಳು ಬೇರೆ ಹೇಳ್ತಾರಂತೆ ಪಾಪಿಗಳು. ನಾನು ಕೂತ ಜಾಗ ಬಿಟ್ಟು ಎದ್ದಿಲ್ಲ!"

ಸತ್ಯಮೂರ್ತಿ ಪರದೆಯ ಕಡೆ ತಿರುಗಿದ. ಪೆಟ್ಟಿಗೆಯಿಂದ ಆ ದಿನದ ಕರೆಗಳ ವಿವರವನ್ನು ಒಂದು ಚೀಟಿಯಲ್ಲಿ ಪ್ರಿಂಟ್ ತೆಗೆದ. ಹನ್ನೊಂದು ನಲವತ್ತು. ಹನ್ನೊಂದು ಐವತ್ತೆರಡು. ಹನ್ನೆರಡೂವರೆ. ಒಂದೂಕಾಲು. ನಾಲ್ಕೂ ಕರೆಗಳ ಮುಂದೆ ಒಂದೇ ಬರಹ: ಒಳನಂಬರಿಲ್ಲ, ಕಡಿತ. ಸೇವ್ ಮಾಡದ ಸಾಲು ಅವನು ಸ್ವಿಚ್ ಆರಿಸಿದಾಗಲೇ ಅಳಿಸಿಹೋಗಿತ್ತು. ಮೊದಲನೆಯ ಕರೆ ಬಂದಾಗ ಅವನು ಇಲ್ಲೇ ಕೂತು ಚಿತ್ರಾನ್ನ ತಿನ್ನುತ್ತಿದ್ದ. ತಪ್ಪು ಪೂಜೆಯದಲ್ಲ, ಸುಬ್ಬಲಕ್ಷ್ಮಿಯಮ್ಮನದೂ ಅಲ್ಲ, ಪೂರಾ ತನ್ನದು.

ನಲವತ್ತೊಂದನೆಯ ಸಾಲನ್ನು ಮತ್ತೆ ಟೈಪ್ ಮಾಡಿ ಈ ಸಲ ಸೇವ್ ಮಾಡಿದ. ಪ್ರಿಂಟು ತೆಗೆದು ರಮಾನಾಥರ ಮುಂದಿಟ್ಟು, ಬೈಗುಳ ಬರಲಿ ಎಂದು ಕಾದು ನಿಂತ. ಅವರು ಯಾರೊಡನೆಯೋ ಫೋನಿನಲ್ಲಿ ನಗುತ್ತ, ಹಾಳೆಯ ಕಡೆ ನೋಡದೆಯೇ ಮೂಲೆಯಲ್ಲಿ ಸಹಿ ಗೀಚಿ ಸರಿಸಿದರು.

ದೇವಕ್ಕ ಕೆಲಸಕ್ಕೆ ಮರಳಿದ್ದು ದಿನಕರ್ಮ ಮುಗಿದ ಮೇಲೆ. ಬರಿಗೈ, ಬರಿ ಹಣೆ. ನೇರವಾಗಿ ಸತ್ಯಮೂರ್ತಿಯ ಬಳಿ ಬಂದಳು. ಕರೆಗಳ ಆ ಚೀಟಿ ಅಂದಿನಿಂದ ಅವನ ಜೇಬಿನಲ್ಲೇ ಇತ್ತು.

"ಸಾಹೇಬ್ರ, ದವಾಖಾನ್ಯಾವ್ರು ನಾಕು ಸಲ ಮಾಡಿದ್ವಿ ಅಂತಾರ. ಅಕ್ಕಾರು ಒಂದೂ ಬಂದಿಲ್ಲ ಅಂತಾರ. ಈ ಮಿಶನ್ನಿಗೆ ಗೊತ್ತಿರತೈತಲ್ರಿ? ನೀವು ಕೇಳಿ ಹೇಳ್ರಿ, ಯಾರದು ಖರೇ?"

ಸುಬ್ಬಲಕ್ಷ್ಮಿಯಮ್ಮನೂ ತಲೆಯೆತ್ತಿ ನೋಡಿದರು. ಅವನ ಕೈ ಜೇಬಿನ ಚೀಟಿಯ ಮೇಲೆ ಹೋಯಿತು.

"ಬಂದಿಲ್ಲ ದೇವಕ್ಕ," ಎಂದ.

"ಹಂಗಾರ ಅವರಾ ಮಾಡಿಲ್ಲ ಬಿಡ್ರಿ. ನಮ್ಮಂಥಾವ್ರಿಗೆ ಯಾರ್ ಮಾಡ್ತಾರ." ಅವಳು ನಂಬಿದಳು. ಮಿಶನ್ನು ಸುಳ್ಳು ಹೇಳುವುದಿಲ್ಲವಲ್ಲ.

ಪೆಟ್ಟಿಗೆಯ ಕುಂಕುಮ ತೆಗೆಸಿರೆಂದು ರಮಾನಾಥರು ಎರಡು ಸಲ ಹೇಳಿದ್ದರು. ಪೂಜೆಯ ಕುಂಕುಮಕ್ಕೆ ಕೈ ಹಚ್ಚಲು ಪ್ಯೂನರು ಯಾರೂ ಒಪ್ಪಿರಲಿಲ್ಲ. ದೇವಕ್ಕ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಹಿಂಡಿದಳು. ಪೆಟ್ಟಿಗೆಯ ನೆತ್ತಿಯ ಮೇಲಿನ ಬೊಟ್ಟನ್ನು ಒರೆಸಿದಳು. ಅದು ಪೂರ್ತಿ ಹೋಗದೆ ಕೆಂಪಗೆ ಹರಡಿತು. ಅವಳು ಮತ್ತೆ ಬಟ್ಟೆ ಅದ್ದಿದಳು.