ಪುಟದ ಕೆಳಗಿನ ಅರ್ಧ

ರಬ್ಬರ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಂಡಿದರೆ ಒಣಗಿದ ಪ್ಲಾಸ್ಟರ್ ಚಿಪ್ಪು ಚಿಪ್ಪಾಗಿ ಬಿಟ್ಟುಕೊಳ್ಳುತ್ತದೆ. ಅದನ್ನು ತೊಟ್ಟಿಯಲ್ಲಿ ಉದುರಿಸಬಾರದು, ಕೊಳವೆ ಕಟ್ಟಿಕೊಳ್ಳುತ್ತದೆ. ಹಳೇ ಪೇಪರಿನ ಮೇಲೆ ಉದುರಿಸಿ, ಮಡಚಿ ಎಸೆಯಬೇಕು. ನಾನು ಹಾಗೆ ಮಡಚುತ್ತಿದ್ದಾಗ ಫೋನ್ ಕಂಪನಿಯ ಹುಡುಗಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಹೆಗಲಲ್ಲಿ ಚೀಲ, ಕೈಯಲ್ಲಿ ಸುರುಳಿ ಸುತ್ತಿದ ತಂತಿ.

"ಫ್ಯಾಕ್ಸ್ ಕೆಟ್ಟಿದೆ ಅಂದಿದ್ರಲ್ಲ, ಎಲ್ಲಿದೆ ಅಜ್ಜಿ?"

"ಕೆಟ್ಟಿಲ್ಲ ಕಣಮ್ಮ. ನಿಮ್ಮ ಫೋನ್ ಬಂದಾಗಿನಿಂದ ಅದಕ್ಕೆ ಮನಸ್ಸಿಲ್ಲ, ಅಷ್ಟೆ."

ಹುಡುಗಿ ನಕ್ಕಳು. ಬೈಸಿಕೊಳ್ಳುವುದಕ್ಕೆ ತಯಾರಾಗಿ ಬಂದಿದ್ದಳೇನೋ, ಮುಖ ಸ್ವಲ್ಪ ಸಡಿಲವಾಯಿತು.

ನಮ್ಮದು ಕಟ್ಟಿಸಿಕೊಳ್ಳುವ ಹಲ್ಲು ಮಾಡಿಕೊಡುವ ಜಾಗ. ಕೆಳಗೆ ಎರಡು ಕೋಣೆ, ಮೇಲೆ ಒಂದು, ಹಿಂದೆ ನಮ್ಮ ಮನೆ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಯಾವ ಹಲ್ಲು, ಯಾವ ಬಣ್ಣ, ಯಾವತ್ತಿಗೆ ಬೇಕು ಎಂಬ ಚೀಟಿ ಫ್ಯಾಕ್ಸಿನಲ್ಲಿ ಬರುತ್ತದೆ, ನಮ್ಮ ಪ್ರಶ್ನೆಗಳು ಅದರಲ್ಲೇ ಹೋಗುತ್ತವೆ. ಇದನ್ನು ಶುರುಮಾಡಿದವರು ನಮ್ಮವರು, ನನ್ನ ಯಜಮಾನರು. ಈಗ ಮಗ ನೋಡಿಕೊಳ್ಳುತ್ತಾನೆ. ಅಚ್ಚಿಗೆ ಪ್ಲಾಸ್ಟರ್ ಹೊಯ್ಯುವ ಕೆಲಸ ಮೊದಲಿನಿಂದಲೂ ನನ್ನದು.

ಮಗ ಹಳೇ ಟೆಲಿಫೋನ್ ಲೈನ್ ತೆಗೆಸಿ ಇಂಟರ್‌ನೆಟ್ ಮೇಲೆ ನಡೆಯುವ ಫೋನ್ ಹಾಕಿಸಿದ್ದ. ಮಾತು ಗಾಜಿನಷ್ಟು ಸ್ವಚ್ಛವಾಗಿ ಕೇಳುತ್ತಿತ್ತು. ಫ್ಯಾಕ್ಸ್ ಮಾತ್ರ ಹಾಳೆಯನ್ನು ಅರ್ಧ ಕಳಿಸಿಯೋ ಅರ್ಧ ತೆಗೆದುಕೊಂಡೋ ನಿಂತುಬಿಡುತ್ತಿತ್ತು. ಹೆಚ್ಚಿನ ಡಾಕ್ಟರುಗಳು ಮೊಬೈಲಿನಲ್ಲಿ ಚೀಟಿಯ ಫೋಟೋ ಕಳಿಸತೊಡಗಿದ್ದರಿಂದ ಮಗ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ನಮ್ಮ ಅತಿ ಹಳೆಯ ಡಾಕ್ಟರೊಬ್ಬರು ಹೋದ ವಾರ ಫೋನ್ ಮಾಡಿ, "ನೋಡಪ್ಪ, ನನ್ನ ಕೈಬೆರಳಿಗೆ ಆ ಮೊಬೈಲ್ ಬಗ್ಗಲ್ಲ. ಫ್ಯಾಕ್ಸ್ ಸರಿ ಮಾಡಿಸ್ತೀಯೋ, ನಾನು ಬೇರೆ ಕಡೆ ಹಲ್ಲು ಮಾಡಿಸ್ಲೋ?" ಎಂದು ಕೇಳಿಬಿಟ್ಟಿದ್ದರು. ಹಾಗಾಗಿ ಈ ಹುಡುಗಿ ಬಂದದ್ದು.

ನಾನು ಕಾಯುತ್ತಿದ್ದ ಕಾರಣ ಬೇರೆ. ಕಾಯುತ್ತಿದ್ದೆನೋ, ಇವಳು ಬಾರದೇ ಇರಲಿ ಎಂದುಕೊಳ್ಳುತ್ತಿದ್ದೆನೋ, ಅದನ್ನು ಸರಿಯಾಗಿ ಹೇಳಲಾರೆ.

ನಮ್ಮವರಿಗೆ ಒಬ್ಬರು ಅಕ್ಕ. ನನಗೆ ಅತ್ತಿಗೆ. ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಕಿವಿ ಪೂರ್ತಿ ಹೋಯಿತು. ಮದುವೆಯಾಗಲಿಲ್ಲ. ದೂರದ ಊರಲ್ಲಿ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಮಾಡಿಕೊಂಡು, ಬಾಡಿಗೆ ಮನೆಯಲ್ಲಿ ಒಬ್ಬರೇ ಬಾಳಿದವರು. ಕಿವಿ ಇಲ್ಲದವರಿಗೆ ಟೆಲಿಫೋನ್ ಏತಕ್ಕೆ? ಅವರಿಗೆ ಫ್ಯಾಕ್ಸೇ ಟೆಲಿಫೋನ್. ಪ್ರತಿ ಶನಿವಾರ ಸಂಜೆ ನಮ್ಮವರು ಒಂದು ಹಾಳೆ ತುಂಬ ಬರೆದು ಯಂತ್ರಕ್ಕೆ ಕೊಡುತ್ತಿದ್ದರು, ಸ್ವಲ್ಪ ಹೊತ್ತಿಗೆ ಅಲ್ಲಿಂದ ಉತ್ತರ ಬರುತ್ತಿತ್ತು. ಅತ್ತಿಗೆ ಮೇಜಿನ ಮೇಲೆ ಅಂಗೈ ಊರಿಕೊಂಡು ಕೂತಿರುತ್ತಿದ್ದರಂತೆ. ಮೇಜು ನಡುಗಿದರೆ ತಮ್ಮ ಮಾತಾಡಿದ ಎಂದು ಲೆಕ್ಕ. ಮೊಬೈಲನ್ನು ಅವರ ಕಣ್ಣು ಒಪ್ಪಲಿಲ್ಲ.

ಅತ್ತಿಗೆಯ ಬಾಡಿಗೆ ಮನೆಯವರು ಮನೆ ಮಾರುವವರಿದ್ದರು. ನಿಮ್ಮ ಮೇಲಿನ ಕೋಣೆಗೆ ಬಂದಿರಲೇ ಎಂದು ತಮ್ಮನನ್ನು ಕೇಳಿ ಬರೆದರು. ಅದಾದ ವಾರವೇ ಹೊಸ ಫೋನ್ ಬಂತು. ಆ ಶನಿವಾರ ಇವರು ಬರೆದ ಉತ್ತರ ಅರ್ಧ ಹೋಗಿ ನಿಂತಿತು. ಯಂತ್ರ ತಪ್ಪಾಯಿತೆಂಬ ಚೀಟಿ ಕಕ್ಕಿತು. "ಸೋಮವಾರ ನೋಡೋಣ" ಎಂದು ಹಾಳೆಯನ್ನು ಯಂತ್ರದ ಪಕ್ಕದ ಖಾನೆಯಲ್ಲಿಟ್ಟು ಮಲಗಲು ಹೋದರು. ಸೋಮವಾರ ಅವರಿರಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಎಬ್ಬಿಸಿದಾಗ ಏಳಲಿಲ್ಲ, ಅಷ್ಟೆ.

ಸುದ್ದಿ ಮುಟ್ಟಿಸಲು ಮಗನೇ ಹೋಗಿ ಅತ್ತಿಗೆಯನ್ನು ಕರೆತಂದ. ಎಲ್ಲ ಮುಗಿದ ಮೇಲೆ ಅವರು ಕೈಚೀಲದಿಂದ ಒಂದು ಹಾಳೆ ತೆಗೆದು ನನ್ನ ಮಡಿಲಲ್ಲಿಟ್ಟರು. ಹವಾ ಹೇಗಿದೆ, ಮಗನ ಹೊಸ ಫೋನ್ ಹೇಗಿದೆ, ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ಗಡಿಯಾರ ಬಿಚ್ಚಿ ಹೊಡೆತ ತಿಂದದ್ದು, ಇಷ್ಟು ಬಂದಿತ್ತು. ಆಮೇಲೆ "ನೀನು ಕೋಣೆಯ ವಿಷಯ ಕೇಳಿದ್ದೆಯಲ್ಲ" ಎಂಬ ಸಾಲು. ಅದರ ಕೆಳಗಿನ ಸಾಲಿನಲ್ಲಿ ಅಕ್ಷರಗಳ ತಲೆಕಟ್ಟುಗಳಷ್ಟೇ ಬಂದಿದ್ದವು, ಒಡಲು ಬಂದಿರಲಿಲ್ಲ. ಉಳಿದದ್ದು ಬರೀ ಬಿಳಿ. ಅತ್ತಿಗೆ ಆ ತಲೆಕಟ್ಟುಗಳ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ನಾನು ಹಾಳೆಯ ಅಂಚಿನಲ್ಲಿ "ಹುಡುಕಿ ಕಳಿಸುತ್ತೇನೆ" ಎಂದು ಬರೆದುಕೊಟ್ಟೆ.

ಹುಡುಕುವುದೇನಿತ್ತು, ಖಾನೆಯಲ್ಲೇ ಇತ್ತು. ಅತ್ತಿಗೆ ಊರಿಗೆ ಮರಳಿದ ಮೇಲೆ ತೆಗೆದು ಓದಿದೆ.

"ಕೋಣೆ ಖಾಲಿಯೇ ಇದೆ. ಆದರೆ ಇವಳು ಒಪ್ಪುತ್ತಿಲ್ಲ ಅಕ್ಕ. ನನಗೂ ವಯಸ್ಸಾಯಿತು, ಇನ್ನೊಬ್ಬರನ್ನು ನೋಡಿಕೊಳ್ಳಲಾರೆ ಅನ್ನುತ್ತಾಳೆ. ಎಷ್ಟು ಹೇಳಿದರೂ ಕೇಳಲಿಲ್ಲ. ನಾನೇನು ಮಾಡಲಿ? ಬೇಜಾರು ಮಾಡಿಕೊಳ್ಳಬೇಡ."

ನನ್ನನ್ನು ಅವರು ಕೇಳಿಯೇ ಇರಲಿಲ್ಲ. ಅತ್ತಿಗೆ ಬರುತ್ತೇನೆಂದು ಬರೆದದ್ದೂ ನನಗೆ ಗೊತ್ತಿರಲಿಲ್ಲ.

ಮಗನಿಗೆ ತೋರಿಸಿದೆ. ಓದಿ, ಮತ್ತೆ ಮೊದಲಿನಿಂದ ಓದಿದ. "ಅಪ್ಪ ಹೀಗ್ಯಾಕೆ ಬರೆದ್ರು?" ಎಂದ. ಆಮೇಲೆ, "ಇದನ್ನ ಕಳಿಸಬೇಡ. ಫ್ಯಾಕ್ಸ್ ಕೆಟ್ಟಿದೆ ಅಂತ ಹೇಳಿದ್ರಾಯ್ತು" ಎಂದ. ಅತ್ತಿಗೆಗೆ ಹಾಗೇ ಒಂದು ಕಾರ್ಡು ಬರೆದೆ. ಫ್ಯಾಕ್ಸ್ ನಿಜವಾಗಿಯೂ ಕೆಟ್ಟಿತ್ತಲ್ಲ, ಸುಳ್ಳು ಹೇಳಿದಂತೆಯೂ ಆಗಲಿಲ್ಲ. ಆ ಹಾಳೆಯನ್ನೇ ಅಂಚೆಗೆ ಹಾಕಬಹುದಿತ್ತು. ಆದರೆ ಅತ್ತಿಗೆಯೇ ಉತ್ತರದ ಕಾರ್ಡಿನಲ್ಲಿ ಬರೆದಿದ್ದರು: "ಅಂಚೆಯಲ್ಲಿ ಬೇಡ. ಅವನ ಮಾತು ಈ ಯಂತ್ರದಲ್ಲೇ ನಿಂತದ್ದು, ಇದರಲ್ಲೇ ಬರಲಿ. ಕಾಯುತ್ತೇನೆ. ಕೋಣೆ ಈಗ ಬೇಡ, ಪ್ರೆಸ್ಸಿನ ಗೆಳತಿಯ ಮನೆ ಸೇರಿದ್ದೇನೆ, ಹಳೇ ನಂಬರೂ ಜೊತೆಗೆ ಬಂದಿದೆ. ಅವನು ಏನಂದ ಎಂದು ಗೊತ್ತಾಗಬೇಕು, ಅಷ್ಟೆ."

ಹುಡುಗಿ ಫ್ಯಾಕ್ಸಿನ ಹಿಂದಿನ ತಂತಿ ಹಿಡಿದುಕೊಂಡು ಹೋಗಿ, ಗೋಡೆಯ ಬಳಿಯ ಪುಟ್ಟ ಡಬ್ಬಿ ಮುಟ್ಟಿದಳು. ಇಂಟರ್‌ನೆಟ್ ಫೋನಿಗೂ ಹಳೇ ಯಂತ್ರಕ್ಕೂ ನಡುವೆ ಗಂಟು ಹಾಕುವ ಡಬ್ಬಿ ಅದು. ತನ್ನ ಲ್ಯಾಪ್‌ಟಾಪ್ ತೆರೆದು ಅದರ ಹೊಟ್ಟೆಯೊಳಗೆ ಏನೇನಿದೆ ಎಂದು ನೋಡಿದಳು.

"ಅಯ್ಯೋ, ಫ್ಯಾಕ್ಸ್ ತಂತಿ ಸಿಕ್ಕಿಸಿರೋ ಈ ಕಿಂಡೀನ ಬರೀ ಮಾತಿಗೆ ಅಂತ ಇಟ್ಟಿದ್ದಾರೆ. ಯಾರು ಹಾಕಿದ್ದು ಇದನ್ನ?"

"ನಿಮ್ಮವರೇ."

"ನಮ್ಮವರು ಬಿಡಿ," ಎಂದು ತಲೆ ಚಚ್ಚಿಕೊಂಡಳು. "ನೋಡಿ ಅಜ್ಜಿ, ಈ ಫೋನು ಮಾತನ್ನ ಚೂರು ಚೂರು ಮಾಡಿ ಕಳಿಸುತ್ತೆ. ಒಂದೆರಡು ಚೂರು ದಾರೀಲಿ ಬಿದ್ದು ಹೋದ್ರೂ ನಮ್ಮ ಕಿವಿ ಹೇಗೋ ಸುಧಾರಿಸ್ಕೊಳ್ಳುತ್ತೆ. ಫ್ಯಾಕ್ಸ್ ಹಾಗಲ್ಲ. ಒಂದು ಚೂರು ತಪ್ಪಿದ್ರೂ ಮುನಿಸ್ಕೊಂಡು ಕಟ್ ಮಾಡ್ಬಿಡುತ್ತೆ."

"ನಮ್ಮ ಯಜಮಾನರೂ ಹಾಗೇ ಇದ್ರು."

"ಅವರನ್ನ ಹೇಗೆ ಸರಿ ಮಾಡ್ತಿದ್ರಿ?"

"ಸುಮ್ಮನೆ ಬಿಟ್ಟುಬಿಡ್ತಿದ್ದೆ."

"ಇದನ್ನ ಬಿಡೋ ಹಾಗಿಲ್ಲ." ಒಂದೊಂದೇ ಬದಲಾಯಿಸುತ್ತ ಹೇಳುತ್ತ ಹೋದಳು. ನಡುವೆ ಸದ್ದು ನಿಂತರೆ ಏನನ್ನೂ ಕಳಿಸದೆ ಇದ್ದುಬಿಡುವ ಏರ್ಪಾಡನ್ನು ತೆಗೆದಳು. ಪ್ರತಿಧ್ವನಿ ಒರೆಸುವುದನ್ನು ತೆಗೆದಳು. ನಡುವೆ ಬೇರೆ ಕರೆ ಬಂದರೆ ಕುಂಯ್ ಎನ್ನುವುದನ್ನೂ ತೆಗೆದಳು. ಅದೊಂದು ಕುಂಯ್ ಸಾಕಂತೆ, ಫ್ಯಾಕ್ಸ್ ಗಾಬರಿಬಿದ್ದು ನಿಂತುಬಿಡಲು. ಫ್ಯಾಕ್ಸಿಗಾಗಿಯೇ ಟಿ-ಮೂವತ್ತೆಂಟು ಎಂಬ ಪದ್ಧತಿ ಇದೆಯಂತೆ, ಅದನ್ನು ಹಾಕಿದಳು.

"ಈಗ ಒಂದು ಪರೀಕ್ಷೆ. ಎಲ್ಲಾದ್ರೂ ದೂರದ ನಂಬರು ಕೊಡಿ, ಆ ಕಡೆ ಯಂತ್ರ ಆನ್ ಆಗಿರಬೇಕು."

ನನ್ನ ಬಾಯಿಗೆ ಬಂದದ್ದು ಒಂದೇ ನಂಬರು. ಹೇಳಿಬಿಟ್ಟೆ. ಅತ್ತಿಗೆಯದು. ಬೇಡ, ಬೇರೆ ಕೊಡುತ್ತೇನೆ ಎನ್ನಲು ಹೊರಟೆ. ಅಷ್ಟರಲ್ಲಿ ಅವಳು ಗೆರೆಗಳೂ ಕಪ್ಪು ಚೌಕಗಳೂ ಇದ್ದ ಒಂದು ಹಾಳೆಯನ್ನು ಯಂತ್ರಕ್ಕೆ ಕೊಟ್ಟಾಗಿತ್ತು. ಯಂತ್ರ ಕಿರುಗುಟ್ಟಿತು, ಹಾಳೆ ಎಳೆದುಕೊಂಡಿತು, ಅರ್ಧಕ್ಕೆ ಬಂದು ನಿಂತಿತು.

"ಛೇ!" ಎಂದಳು. ತನ್ನ ಆಫೀಸಿಗೆ ಫೋನ್ ಹಚ್ಚಿದಳು. "ಅಣ್ಣಾ, ಇಲ್ಲಿ ನಾನು ಆನ್ ಮಾಡಿದ್ದೀನಿ, ನಿಮ್ಮ ಕಡೆ ಆಫ್ ಇದೆ. ನಾನೊಬ್ಬಳೇ ಕೂಗಿದ್ರೆ ಏನು ಬಂತು? ... ಟೀ ಆಮೇಲೆ ಕುಡೀರಿ, ಮೊದಲು ಇದನ್ನ ಮಾಡಿ." ಫೋನ್ ಹಿಡಿದುಕೊಂಡೇ ಫ್ಯಾಕ್ಸಿನ ವೇಗವನ್ನೂ ಇಳಿಸಿದಳು. "ನಿಧಾನಕ್ಕೆ ಹೋಗಲಿ. ಅವಸರ ಯಾರಿಗಿದೆ?"

ಅವಸರ ಯಾರಿಗೂ ಇರಲಿಲ್ಲ. ಆದರೆ ಆ ಊರಿನ ಒಂದು ಮೇಜು ಈಗಷ್ಟೇ ನಡುಗಿ ನಿಂತಿದೆ, ಮತ್ತೆ ಅರ್ಧಕ್ಕೇ ನಿಂತಿದೆ, ಎಂದು ನನಗೆ ಗೊತ್ತಿತ್ತು. ಕೈಯ ಪ್ಲಾಸ್ಟರ್ ಒಣಗಿ ಚರ್ಮ ಬಿಗಿಯುತ್ತಿತ್ತು. ತೊಳೆಯಲು ಏಳಲಾಗಲಿಲ್ಲ.

ಎರಡನೆಯ ಸಲ ಹಾಳೆ ನಿಧಾನವಾಗಿ, ಎಲ್ಲೂ ತಡೆಯದೆ, ಪೂರ್ತಿ ಹೋಯಿತು. ಸರಿಯಾಯಿತೆಂಬ ಚೀಟಿ ಬಂತು. ಹುಡುಗಿ ಕೈ ಕೊಡವಿಕೊಂಡು ತಂತಿ ಸುತ್ತತೊಡಗಿದಳು. ಆಗ ಯಂತ್ರ ತಾನಾಗಿಯೇ ಎದ್ದಿತು. ಒಳಗಿನಿಂದ ಒಂದು ಹಾಳೆ ಬಂತು. ಅತ್ತಿಗೆಯ ಅಕ್ಷರ. ಅವಸರದಲ್ಲಿ ಬರೆದು ಸಾಲು ಓರೆಯಾಗಿತ್ತು. ಆ ಕೈಯಲ್ಲಿ ಸಾಲು ಓರೆಯಾದದ್ದನ್ನು ನಾನು ಕಂಡಿರಲಿಲ್ಲ.

"ಮೇಜು ಅಲ್ಲಾಡಿತು. ಅವನದೇ ಎಂದು ಅಡುಗೆ ಬಿಟ್ಟು ಬಂದೆ. ಗೆರೆಗಳು ಬಂದವು. ಯಂತ್ರ ಸರಿಯಾಯಿತು ಅಂತ ಅಲ್ಲವೇ? ಇಲ್ಲೇ ಕೂತಿದ್ದೇನೆ."

ಹುಡುಗಿ ಅದನ್ನು ನೋಡಿ, "ಯಾರೋ ಬಹಳ ಕಾಯ್ತಿದ್ದಾರೆ ಅಲ್ವಾ ಅಜ್ಜಿ," ಎಂದು ಸಹಿ ಹಾಕಿಸಿಕೊಂಡು ಹೊರಟುಹೋದಳು.

ಮಗ ಮೇಲಿನ ಕೋಣೆಯಿಂದ ಇಳಿದು ಬಂದ. ಅಲ್ಲಿ ಈಗ ಹಲ್ಲು ಸುಡುವ ಹೊಸ ಕುಲುಮೆ ಇದೆ. ಹಣೆಯ ಮೇಲೆ ಕನ್ನಡಕ, ರೆಪ್ಪೆಯ ಮೇಲೆಲ್ಲ ಬಿಳೀ ಪುಡಿ. ಅತ್ತಿಗೆಯ ಹಾಳೆ ಓದಿದ. ನಾನು ಖಾನೆಯಿಂದ ನಮ್ಮವರ ಹಾಳೆ ತೆಗೆದು ಮೇಜಿನ ಮೇಲಿಟ್ಟದ್ದನ್ನೂ ನೋಡಿದ.

"ಬೇಡಮ್ಮ."

"ಅವರು ಕೂತಿದ್ದಾರಂತೆ."

"ಕೂತಿರಲಿ. ಹಾಳೆ ಕಳೆದುಹೋಯ್ತು ಅಂತ ಬರಿ. ದೊಡ್ಡತ್ತೆ ನಾಲ್ಕು ದಿನ ಅತ್ತು ಸುಮ್ಮನಾಗ್ತಾರೆ. ಇದನ್ನ ಕಳಿಸಿದ್ರೆ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ. ತಾವೇ ಬೇಡ ಅನ್ನೋಕಾಗದೆ ಅಪ್ಪ ನಿನ್ನ ತಲೆ ಮೇಲೆ ಗೂಬೆ ಕೂರಿಸಿದ್ದಾರೆ, ನೀನು ಅದನ್ನ ಹೊತ್ಕೊಂಡು ಮೆರವಣಿಗೆ ಹೊರಡ್ತೀಯಾ?"

"ಅಪ್ಪನ ಬಗ್ಗೆ ಹಾಗೆಲ್ಲ ಮಾತಾಡಬೇಡ."

"ನಿನ್ನ ಪರವಾಗೇ ಮಾತಾಡ್ತಿದ್ದೀನಮ್ಮ!" ಹಣೆಯ ಕನ್ನಡಕ ಕಿತ್ತು ಮೇಜಿನ ಮೇಲಿಟ್ಟ. "ಕಳಿಸಲೇಬೇಕು ಅಂದ್ರೆ ಜೊತೆಗೆ ನೀನೂ ಒಂದು ಹಾಳೆ ಬರಿ. ನನ್ನನ್ನ ಕೇಳಲಿಲ್ಲ ಅಂತ ಬರಿ. ಅಷ್ಟಾದ್ರೂ ಬರಿ."

ಅದು ನ್ಯಾಯದ ಮಾತು. ಕೈ ತೊಳೆದುಕೊಂಡು ಬಂದು ಕೂತೆ. "ಅತ್ತಿಗೆ, ಅವರು ಇದನ್ನು ನನ್ನಲ್ಲಿ ಕೇಳಿಯೇ ಇರಲಿಲ್ಲ" ಎಂದು ಬರೆದೆ. ಮುಂದಿನ ಸಾಲು "ಕೇಳಿದ್ದರೆ ಒಪ್ಪುತ್ತಿದ್ದೆ" ಎಂದಾಗಬೇಕು. ಪೆನ್ನು ಅಲ್ಲಿ ನಿಂತಿತು.

ಒಪ್ಪುತ್ತಿದ್ದೆನೇ? ಈಗ ಹೇಳುವುದು ಸುಲಭ. ಆಗ ನನ್ನ ಮಂಡಿ ಮೆಟ್ಟಿಲು ಹತ್ತುತ್ತಿರಲಿಲ್ಲ, ಬೆಳಿಗ್ಗೆಯಿಂದ ಸಂಜೆವರೆಗೆ ಪ್ಲಾಸ್ಟರ್. ಅಕ್ಕ ತಮ್ಮ ಸೇರಿದರೆ ಚೀಟಿ ಬರೆದುಕೊಂಡು ನಗುತ್ತಾ ಕೂತುಬಿಡುತ್ತಿದ್ದರು, ನಾನು ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದೆ. ಇವರು ಅದನ್ನು ನೋಡಿರಲಿಲ್ಲವೇ? ನಾನು ಬೇಡ ಎನ್ನುತ್ತೇನೆಂದು ಹೆದರಿ ಕೇಳಲಿಲ್ಲವೋ, ಹೂಂ ಎಂದುಬಿಟ್ಟರೆ ಎಂದು ಹೆದರಿ ಕೇಳಲಿಲ್ಲವೋ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವಳಿಗೆ ಇದು ತಿಳಿಯದೇ ಹೋಯಿತಲ್ಲ ಎಂದು ಆಗ ಅಳು ಬಂತು. ಅವರು ಹೋದ ದಿನ ಇಷ್ಟು ಬಂದಿರಲಿಲ್ಲ.

ಮಗ ಗಾಬರಿಯಾಗಿ ಪಕ್ಕದಲ್ಲಿ ಕುಕ್ಕರಿಸಿದ. "ಅಮ್ಮಾ, ಬೇಡ ಬಿಡು. ನಾನೇ ಬರೀತೀನಿ ದೊಡ್ಡತ್ತೆಗೆ."

"ಏನಂತ?"

ನನ್ನ ಕೈಯ ಪೆನ್ನು ತೆಗೆದುಕೊಂಡ, ಮತ್ತೆ ಹಾಳೆಯ ಮೇಲೇ ಇಟ್ಟ.

"ಅವರಿಗೆ ಉಳಿದಿರೋದು ತಮ್ಮ ಒಬ್ಬನೇ ಕಣೋ," ಎಂದೆ. "ಸತ್ತ ತಮ್ಮ ಸುಳ್ಳುಗಾರ ಅಂತ ನಾನು ಯಾಕೆ ಬರೆದು ಕಳಿಸಲಿ? ನಾನು ಕೆಟ್ಟವಳಾದ್ರೆ ಅವರಿಗೆ ನಷ್ಟ ಏನಿಲ್ಲ. ಮೊದಲಿನಿಂದಲೂ ನಾನು ಅವರಿಗೆ ಅಷ್ಟಕ್ಕಷ್ಟೇ."

"ನಿನಗೆ ನಷ್ಟ ಇಲ್ವಾ?"

ನಾನು ಬರೆದ ಒಂದು ಸಾಲಿನ ಹಾಳೆಯನ್ನು ಪ್ಲಾಸ್ಟರ್ ಚಿಪ್ಪುಗಳಿದ್ದ ಪೇಪರಿನೊಳಗೆ ಇಟ್ಟು ಮಡಚಿದೆ. ಮಗ ಎದ್ದು ಕಿಟಕಿಯ ಕಡೆ ತಿರುಗಿ ನಿಂತ. ತಡೆಯಲಿಲ್ಲ.

ಇವರ ಹಾಳೆಯ ಅಂಚು ಮುದುರಿತ್ತು. ಅಂಗೈಯಲ್ಲಿ ತೀಡಿ ನೆಟ್ಟಗೆ ಮಾಡಿದೆ. ಮೇಲಿನ ಅರ್ಧವೂ ಇರಲಿ, ಗಡಿಯಾರದ ಕತೆಯೂ ಇನ್ನೊಮ್ಮೆ ಹೋಗಲಿ ಎಂದು ಪೂರ್ತಿ ಹಾಳೆಯನ್ನೇ ಬರಹ ಕೆಳಮುಖವಾಗುವಂತೆ ಇಟ್ಟೆ. ನಂಬರು ಒತ್ತಿದೆ. ಆ ಕಡೆ ಯಂತ್ರ ಎತ್ತಿಕೊಂಡಿತು, ಎರಡೂ ಕಿರುಚಾಡಿಕೊಂಡು ಪರಿಚಯ ಮಾಡಿಕೊಂಡವು. ಹಾಳೆ ನಿಧಾನವಾಗಿ ಒಳಗೆ ಸರಿಯತೊಡಗಿತು. ಹಿಂದೆ ನಿಂತಿದ್ದ ಜಾಗ ಬಂತು. ನಿಲ್ಲಲಿಲ್ಲ. ಕೋಣೆ ಖಾಲಿ ಇದೆ ಎಂಬುದು ಹೋಯಿತು, ಇವಳು ಒಪ್ಪುತ್ತಿಲ್ಲ ಎಂಬುದು ಹೋಯಿತು, ಬೇಜಾರು ಮಾಡಿಕೊಳ್ಳಬೇಡ ಎಂಬುದೂ ಹೋಯಿತು.