ಶನಿವಾರದ ಸಹಿ

ಮಗಳು ಸಿಂಚನಾ ಸಾಗರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಓದು ಮುಗಿಸಿ, ಹೊಸನಗರದ ಖಾಸಗಿ ಲ್ಯಾಬೊಂದರಲ್ಲಿ ಆರು ತಿಂಗಳ ತರಬೇತಿಗೆ ಹೋಗುತ್ತಿದ್ದಳು. ಕೊನೆಯ ವಾರ ರಕ್ತದ ಎರಡು ಟ್ಯೂಬುಗಳ ಮೇಲೆ ಬರೀ ದುಗ್ಗಮ್ಮ ಎಂದು ಬರೆದಳು. ವಯಸ್ಸು, ಊರು ಬರೆಯಲಿಲ್ಲ. ಒಬ್ಬ ದುಗ್ಗಮ್ಮ ನಮ್ಮ ಪಕ್ಕದ ಮನೆಯವರು, ಇನ್ನೊಬ್ಬರು ನಿಟ್ಟೂರಿನವರು. ರಿಪೋರ್ಟು ಅದಲುಬದಲಾಯಿತು. ಗೊತ್ತಾದಾಗ ಲ್ಯಾಬಿನ ಯಜಮಾನರು, "ಬಾಯಿ ಬಿಟ್ಟರೆ ನಿನ್ನ ತರಬೇತಿ ಪುಸ್ತಕಕ್ಕೆ ಸಹಿ ಹಾಕೋದಿಲ್ಲ" ಅಂದರಂತೆ. ಸಹಿ ಇಲ್ಲದಿದ್ದರೆ ಡಿಪ್ಲೊಮಾ ಇಲ್ಲ.

"ಶನಿವಾರ ಸಹಿಯಾಗಲಿ, ಅಲ್ಲೀತನಕ ಸುಮ್ಮನಿರು" ಎಂದು ನಾನೇ ಹೇಳಿದೆ. ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ.

ಗುರುವಾರ ಬೆಳಿಗ್ಗೆ ನಾನು ಚಹಾ ಸೋಸುತ್ತಿದ್ದಾಗ ಪಕ್ಕದ ಮನೆಯ ದುಗ್ಗಮ್ಮ ಬಂದರು. ಕೈಯಲ್ಲಿ ಮಾತ್ರೆ ಇತ್ತು.

"ನಂಗೆ ಸಕ್ಕರೆ ಹಾಕ್ಬೇಡ ಯಶೋಧಾ. ಶುಗರ್ ಮುನ್ನೂರಂತೆ! ಇವತ್ತಿಂದ ಮಾತ್ರೆ ಶುರು. ಸ್ವಲ್ಪ ನೀರು ಕೊಡು."

ಸಿಂಚನಾ ಒಳಗಿನಿಂದ ಓಡಿ ಬಂದು ಅವರ ಕೈ ಹಿಡಿದಳು. "ಅಜ್ಜಿ, ನುಂಗ್ಬೇಡಿ. ಆ ರಿಪೋರ್ಟ್ ನಿಮ್ದಲ್ಲ. ನಾನು ತಪ್ಪು ಮಾಡ್ದೆ."

"ಹಂಗಾದ್ರೆ ಯಾರ್ದೇ ಅದು?"

"ನಿಟ್ಟೂರಿನ ದುಗ್ಗಮ್ಮನವರದ್ದು."

"ಅಯ್ಯೋ, ಅವಳು ಅಲ್ಲಿ ಆರಾಮಾಗಿ ಹೋಳಿಗೆ ತಿಂತಾ ಇರ್ತಾಳಲ್ಲೇ!"

ಸಿಂಚನಾ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. ನನಗೆ ಶನಿವಾರದ ಸಹಿ ನೆನಪಾಯಿತು. ಒಲೆ ಆರಿಸಿ ಜೊತೆಗೆ ಹೊರಟೆ.

ನಿಟ್ಟೂರಿನ ಬಸ್ಸು ಆ ಲ್ಯಾಬಿನ ಎದುರೇ ನಿಲ್ಲುತ್ತದೆ. ಯಜಮಾನರು ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಸಿಂಚನಾ ತಲೆ ಎತ್ತದೆ, ನನ್ನ ಕೈ ಬಿಗಿಯಾಗಿ ಹಿಡಿದು ಬಸ್ಸು ಹತ್ತಿದಳು.