ಪ್ರತಿ ಶನಿವಾರ ಗೆಲ್ಲುವ ಪಂದ್ಯ

ಟಿವಿ ಹಾಕಿದರೆ ಮನೆಯ ಅರ್ಧ ಕಷ್ಟ ತೀರಿತು ಅಂತ ನನ್ನ ತಮ್ಮನ ನಂಬಿಕೆ. ವಾರವಿಡೀ ಅಪ್ಪನ ಮೈ ಒರೆಸುವವಳು ನಾನು, ಮಗ್ಗುಲು ಬದಲಿಸುವವಳು ನಾನು, ಒಂದೊಂದು ತುತ್ತಿಗೂ ಗೋಗರೆಯುವವಳು ನಾನು. ಇವನು ಶನಿವಾರ ಮಹಾರಾಜನ ಹಾಗೆ ಬಂದು ರಿಮೋಟ್ ಒತ್ತಿದರೆ ಸಾಕು, ಅಪ್ಪನ ಮುಖ ಅರಳುತ್ತದೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಅಪ್ಪ ಒಂದು ಕಾಲಕ್ಕೆ ಗಿರಣಿಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಪಾರ್ಶ್ವವಾಯು ಹೊಡೆದ ಮೇಲೆ ಎಡಗೈ ಬಿದ್ದುಹೋಯಿತು, ಹೊಸದಾಗಿ ಕೇಳಿದ್ದು ಯಾವುದೂ ತಲೆಯಲ್ಲಿ ನಿಲ್ಲದಾಯಿತು. ಅವರು ಆಸ್ಪತ್ರೆಯಲ್ಲಿದ್ದಾಗಲೇ ಅಮ್ಮ ಅಡುಗೆಮನೆಯಲ್ಲಿ ಕುಸಿದು ತೀರಿಕೊಂಡಳು. ‘ಸದ್ಯಕ್ಕೆ ಹೇಳಬೇಡಿ, ತಡ್ಕೊಳ್ಳಲ್ಲ’ ಎಂದರು ಡಾಕ್ಟರು. ಆ ಸದ್ಯಕ್ಕೆ ಅನ್ನುವುದು ಇನ್ನೂ ಮುಗಿದಿಲ್ಲ. ಅಪ್ಪ ಕೇಳುತ್ತಾರೆ, “ಅಮ್ಮ ಎಲ್ಲಿ?” ತಮ್ಮ ಹೇಳುತ್ತಾನೆ, “ಚಿಕ್ಕಮ್ಮನ ಮನೆಗೆ ಹೋಗಿದಾಳಪ್ಪಾ.” ಅವರು ಮರೆಯುತ್ತಾರೆ, ಮತ್ತೆ ಕೇಳುತ್ತಾರೆ.

ಪಂದ್ಯದ ಕಥೆಯೂ ಅಷ್ಟೇ. ಅವರ ಮೆಚ್ಚಿನ ತಂಡ ಸೋತರೆ ಬಿಪಿ ಏರುತ್ತದೆ ಅಂತ ತಮ್ಮ ಗೆದ್ದ ಪಂದ್ಯವೊಂದನ್ನು ರೆಕಾರ್ಡ್ ಮಾಡಿಟ್ಟಿದ್ದಾನೆ. ಕೊನೆಯಲ್ಲಿ ಗೋಲ್‌ಕೀಪರ್ ಪೆನಾಲ್ಟಿ ತಡೆದು ಗೆಲ್ಲಿಸುವ ಪಂದ್ಯ. ಪ್ರತಿ ಶನಿವಾರ ಅದನ್ನೇ ‘ಲೈವ್’ ಅಂತ ಹಾಕುತ್ತಾನೆ. ಅಪ್ಪ ಪ್ರತಿ ಸಲವೂ ಮೊದಲ ಸಲದ ಹಾಗೆ ತೊಡೆ ತಟ್ಟಿಕೊಳ್ಳುತ್ತಾರೆ.

ಈ ಶನಿವಾರ ನಾನು ಕಿವುಚಿದ ಬಾಳೆಹಣ್ಣು ತಿನ್ನಿಸುತ್ತಿದ್ದೆ. ಪೆನಾಲ್ಟಿ ಬಂತು. ಅಪ್ಪ ಚಮಚ ಸರಿಸಿ, “ಎಡಕ್ಕೆ ಹಾರ್ತಾನೆ, ನೋಡ್ತಿರು” ಎಂದರು. ಗೋಲ್‌ಕೀಪರ್ ಎಡಕ್ಕೇ ಹಾರಿದ.

“ಅಬ್ಬಾ! ಗೋಲ್‌ಕೀಪರ್ ಕಣ್ಣು ಅಂದ್ರೆ ಗೋಲ್‌ಕೀಪರ್ ಕಣ್ಣೇ” ಎಂದು ತಮ್ಮ ಹಲ್ಲು ಕಿಸಿದ.

ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. “ನೆನಪು ವಾಪಸ್ ಬರ್ತಿದೆ ಕಣೋ.”

“ಬಂದ್ರೆ ಒಳ್ಳೇದಲ್ವಾ ಅಕ್ಕಾ?”

“ಏನು ಒಳ್ಳೇದು, ನಿನ್ನ ತಲೆ! ಅಮ್ಮನ ವಿಷಯಕ್ಕೆ ಏನಂತೀಯ? ಇಷ್ಟು ದಿನ ನನ್ನ ಆಟ ಆಡಿಸಿದ್ರಾ ಅಂತ ಕೇಳಿದ್ರೆ?”

ಅವನು ಸಿಂಕಿನ ನಲ್ಲಿ ತಿರುಗಿಸುತ್ತಾ ನಿಂತ. ಅಪ್ಪ ಸುಧಾರಿಸುತ್ತಿದ್ದಾರೆ ಅಂತ ಹೆತ್ತ ಮಗಳು ಹೆದರಬೇಕಾಗಿ ಬಂತಲ್ಲ, ಇದೆಂಥ ಹಣೆಬರಹ ಎಂದು ನನಗೆ ಅಳು ಬಂತು.

ಭಾನುವಾರ ತಮ್ಮ ಹೊರಡುವ ಮೊದಲು, ಊಟವಾದ ಮೇಲೆ ಅಪ್ಪನೇ ಹೇಳಿದರು. “ನಿನ್ನೆ ಪಂದ್ಯ ಹಾಕೋ.”

ನಿನ್ನೆ! ಆ ಮಾತು ಅವರ ಬಾಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ತಮ್ಮ ನನ್ನ ಕಡೆ ನೋಡದೆ ಟಿವಿ ಹಾಕಿದ. ನಾನು ಅಪ್ಪನ ಹಿಮ್ಮಡಿಗೆ ಎಣ್ಣೆ ಹಚ್ಚುತ್ತಾ ಕೂತೆ. ಹೊರಗೆ ರಸ್ತೆಯಲ್ಲಿ ಒಂದು ಗಾಡಿಯ ಸದ್ದೂ ಇರಲಿಲ್ಲ.

“ಈಗ ನಾಯಿ ಬರುತ್ತೆ” ಎಂದರು ಅಪ್ಪ.

ಗೋಲ್‌ಕೀಪರ್ ಕಣ್ಣಿನಿಂದ ಊಹಿಸಿ ಹೇಳುವ ಮಾತಲ್ಲ ಅದು. ಬಾರದಿರಲಿ, ಇವತ್ತೊಂದು ದಿನ ಬಾರದಿರಲಿ ಅಂದುಕೊಂಡೆ. ರೆಕಾರ್ಡ್ ಆದದ್ದು ನನ್ನ ಮಾತು ಕೇಳುತ್ತದೆಯೇ? ಮೂಲೆಯಿಂದ ಕಂದು ನಾಯಿಯೊಂದು ಮೈದಾನಕ್ಕೆ ನುಗ್ಗಿತು. ಟಿವಿಯೊಳಗಿನ ಜನವೆಲ್ಲ ನಕ್ಕರು.

ಅಪ್ಪ ನಗಲಿಲ್ಲ. “ಹಳೇ ಪಂದ್ಯ ಇದು. ನೀವಿಬ್ಬರೂ ನನಗೆ ಸುಳ್ಳು ಹೇಳ್ತಿದೀರ.” ಆಮೇಲೆ ಕೇಳಿದರು. “ಅಮ್ಮ ಎಲ್ಲಿ?”

“ಚಿಕ್ಕಮ್ಮನ...” ತಮ್ಮ ಶುರುಮಾಡಿದ.

“ಬಾಯಿ ಮುಚ್ಚೋ!” ಎಂದೆ. ಎಣ್ಣೆಗೈಯಲ್ಲೇ ಅಪ್ಪನ ಬಲಗೈ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಹೇಗೆ ಕುಸಿದಳು, ನಾವು ಬರುವಷ್ಟರಲ್ಲಿ ಹೇಗೆ ಮುಗಿದುಹೋಗಿತ್ತು, ಎಲ್ಲ. ಅಪ್ಪ ಅತ್ತರು. ಅಂಥ ಅಳುವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. “ನನ್ನ ಯಾಕೆ ಕರೀಲಿಲ್ಲ? ಒಂದು ಸಲ ಮುಖ ತೋರಿಸಬಾರದಿತ್ತಾ?” ಎಂದು ಕೇಳಿ ಕೇಳಿ ಸೋತು, ನನ್ನ ಕೈ ಹಿಡಿದುಕೊಂಡೇ ನಿದ್ದೆಹೋದರು. ತಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದ.

ನಾನು ಮಾತ್ರ ಉಸಿರು ಬಿಟ್ಟೆ. ಪಾಪವೋ ಪುಣ್ಯವೋ, ಮುಗಿಯಿತಲ್ಲ. ಇನ್ನು ಮೂವರೂ ಕೂತು ಒಟ್ಟಿಗೆ ಅಮ್ಮನಿಗಾಗಿ ಅಳಬಹುದು ಅನ್ನಿಸಿತು.

ಕಿಟಕಿಯ ಬಿಸಿಲು ಮಂಚದಿಂದ ಇಳಿಯುವ ಹೊತ್ತಿಗೆ ಅಪ್ಪ ಎದ್ದರು. ಒದ್ದೆ ಕೆನ್ನೆ ಮುಟ್ಟಿಕೊಂಡು ಬೆರಳನ್ನೇ ನೋಡಿದರು.

“ಕಣ್ಣು ಯಾಕೋ ಉರೀತಿದೆ ಮಗಾ. ಎದೆ ಹಿಂಡಿದ ಹಾಗಾಗ್ತಿದೆ. ಏನೋ ಆಗಿದೆ, ಏನು ಅಂತ ಹೊಳೀತಿಲ್ಲ.”

ನಾಯಿ ನಿಂತ ತಲೆಯಲ್ಲಿ ಅಮ್ಮನ ಸಾವು ನಿಂತಿರಲಿಲ್ಲ. ಅಳು ಮಾತ್ರ ಹಾಗೇ ಉಳಿದುಕೊಂಡಿತ್ತು.

ತಮ್ಮ ನನ್ನ ಮುಖ ನೋಡಿದ. ಅಪ್ಪನೂ ನೋಡಿದರು.

“ಅಮ್ಮನ್ನ ಕರಿ” ಎಂದರು. “ನನಗೇನಾಗಿದೆ ಅಂತ ಅವಳಿಗೆ ಗೊತ್ತಿರುತ್ತೆ.”